ಸೇರಿನ ಮೇಲೆ ಕೂತ ಕ್ಯಾಮೆರಾ

ದೂಜನ ಮಗ ಕೊರಗ, ಕೊರಗನ ಮಗಳು ವಾರಿಜಾ.

ದೂಜ ಉಡುಪಿಯ ಕಡೆಯವನು. ಧಣಿಗಳ ಮನೆಯಂಗಳದಲ್ಲಿ ಭತ್ತ ಅಳೆಯುವುದೇ ಅವನ ಕಸುಬು. ಅಳೆಯುವವರು ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ದೂಜ 'ಲಾಭ' ಎಂದು ರಾಗ ಎಳೆದರೆ ಅಂಗಳದ ಕೋಳಿಗಳು ಕೂಡ ಕತ್ತೆತ್ತಿ ನೋಡುತ್ತಿದ್ದವಂತೆ. ಅವನ ಕೈ ಹೇಗೆಂದರೆ, ತುಂಬಿದ ಸೇರನ್ನು ಅಂಗಳದ ಈ ತುದಿಯಿಂದ ಆ ತುದಿಗೆ ಒಯ್ದರೂ ಮೇಲಿನ ಒಂದು ಕಾಳು ಜಾರುತ್ತಿರಲಿಲ್ಲ. ಒಂದು ವರ್ಷ ಧಣಿಗಳ ಪಾರುಪತ್ಯಗಾರ ಹತ್ತಿರ ಬಂದು ಕೂತು, ಆಳುಗಳಿಗೆ ಅಳೆಯುವಾಗ ಹೆಬ್ಬೆರಳು ಸೇರಿನ ಒಳಗಿರಲಿ ಎಂದು ಪಿಸುಗುಟ್ಟಿದ. ಬೆರಳು ಒಳಗೆ ಹೋದಷ್ಟು ಭತ್ತ ಹೊರಗೆ ಉಳಿಯುತ್ತದಲ್ಲ, ಅದಕ್ಕೆ. ದೂಜ ರಾಶಿಯ ಮುಂದಿನಿಂದ ಎದ್ದ. ಸೇರು ಅವನದೇ. ಹಲಸಿನ ಮರದ್ದು, ಬಾಯಿಗೆ ಹಿತ್ತಾಳೆಯ ಪಟ್ಟಿ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದವನು ಮತ್ತೆ ಆ ಅಂಗಳಕ್ಕೆ ಕಾಲಿಡಲಿಲ್ಲ.

ಆ ಸೇರನ್ನು ಗಂಟಿನಲ್ಲಿ ಕಟ್ಟಿಕೊಂಡು ಕೊರಗ ಮುಂಬಯಿಗೆ ಬಂದ. ಮಾಟುಂಗದ ಒಂದು ಉಡುಪಿ ಹೋಟೆಲಿನ ಸ್ಟೋರ್ ರೂಮು ಅವನ ಪಾಲಿಗೆ ಬಂತು. ಕಿಟಕಿಯಿಲ್ಲದ ಕೋಣೆ, ಅಕ್ಕಿ, ಉದ್ದು, ತೊಗರಿಬೇಳೆಯ ಚೀಲಗಳು ಮಾಡಿನವರೆಗೆ. ಬಲ್ಬು ಕೆಟ್ಟ ದಿನವೂ ಕೊರಗನ ಕೆಲಸ ನಿಂತದ್ದಿಲ್ಲ. ಕತ್ತಲಲ್ಲೇ ಕೈಯಾಡಿಸಿ ಇದು ಉದ್ದು, ಇದು ಹೆಸರು ಎಂದು ಗುರುತು ಹಿಡಿದು, ಲಾಭ, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸುತ್ತ ಅಳೆದು ಹಾಕುತ್ತಿದ್ದ. ಮೂವತ್ತೆಂಟು ವರ್ಷ ಹಾಗೆ ಅಳೆದ. ಇಡ್ಲಿ ಗಟ್ಟಿಯಾಯಿತೆಂದರೆ ರುಬ್ಬುವವನ ಮೇಲೆ ಮಾತು ಬರುತ್ತಿತ್ತು, ಕೊರಗನ ಅಳತೆಯ ಮೇಲೆ ಯಾರೂ ಬೆರಳು ತೋರಿಸಿದ್ದಿಲ್ಲ.

ಸಯನ್‌ನ ಚಾಳಿನಲ್ಲಿ, ನೆಲ ಅಂತಸ್ತಿನ ಕಟ್ಟಕಡೆಯ ಖೋಲಿಯಲ್ಲಿ ಕೊರಗನಿಗೂ ಸೇವಂತಿಗೂ ಇಬ್ಬರು ಹೆಣ್ಣು ಮಕ್ಕಳಾದರು. ಹಿರಿಯವಳು ವಾರಿಜಾ, ಹನ್ನೆರಡು ವರ್ಷದ ನಂತರ ಹುಟ್ಟಿದವಳು ವಿನೋದಿನಿ. ವಿನೋದಿನಿ ಮದುವೆಯಾಗಿ ಪವಾಯಿಗೆ ಹೋದಳು. ವಾರಿಜಾಳಿಗೆ ಯಾಕೋ ಕೂಡಿಬರಲಿಲ್ಲ. ಅವಳು ಸ್ಟೇಷನ್ ಹತ್ತಿರದ ಶಿವಪುತ್ರಪ್ಪನ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದಳು. ಶಿವಪುತ್ರಪ್ಪ ಗದಗಿನ ಕಡೆಯ ಮನುಷ್ಯ, ಬಾಯಿ ಜೋರು, ಮನಸ್ಸು ಮೆತ್ತಗೆ. ಒಳಗಿನ ಕತ್ತಲೆ ಕೋಣೆಯಲ್ಲಿ ಅವನು ಫೋಟೋ ತೊಳೆದು ತಂದು ಹಾಕಿದರೆ, ಅಂಚು ಕತ್ತರಿಸಿ ಲಕೋಟೆಗೆ ತುಂಬಿ ಗಿರಾಕಿಗಳಿಗೆ ಕೊಡುವುದು ವಾರಿಜಾಳ ಕೆಲಸ.

ಕತ್ತರಿಸುತ್ತ ಕತ್ತರಿಸುತ್ತ ಅವಳ ಕಣ್ಣು ಒಂದು ಕಡೆ ನಿಂತಿತು. ಬಯಲಲ್ಲಿ ತೆಗೆದ ಫೋಟೋಗಳೆಲ್ಲ ಸರಿ ಇರುತ್ತಿದ್ದವು. ಮನೆಯೊಳಗೆ ತೆಗೆದವು ಮಾತ್ರ ನೀರಲ್ಲಿ ಕಲಸಿದಂತೆ. ನಾಮಕರಣದ ಮಗುವಿಗೆ ಎರಡು ಮೂಗು, ಅಜ್ಜಿಯ ಮುಖದ ಜಾಗದಲ್ಲಿ ಹೊಗೆ. ಗಿರಾಕಿ ಬಂದು ಮುಖ ಸಣ್ಣ ಮಾಡಿದರೆ ಶಿವಪುತ್ರಪ್ಪ "ಹಿಲ್ ಗಯಾ, ಅಲುಗ್ಯಾಡೇತಿ, ನಾ ಏನ್ ಮಾಡ್ಲಿ" ಎಂದು ಕೈ ಝಾಡಿಸುತ್ತಿದ್ದ. ಫ್ಲ್ಯಾಶ್ ಹಾಕಿ ತೆಗೆದವು ಅಲುಗಿರುತ್ತಿರಲಿಲ್ಲ. ಆದರೆ ಮುಖಕ್ಕೆ ಸುಣ್ಣ ಬಳಿದಂತೆ, ಬೆನ್ನ ಹಿಂದೆ ಕಡುಗಪ್ಪು. ಚಾಳಿನ ಕೋಣೆಗಳಲ್ಲಿ ಜನ ಹೇಗೆ ಕಾಣುತ್ತಾರೋ ಹಾಗೆ ಒಂದು ಫೋಟೋದಲ್ಲೂ ಕಾಣುತ್ತಿರಲಿಲ್ಲ. ಇದಕ್ಕೊಂದು ದಾರಿ ಇರಲೇಬೇಕು ಎಂದು ವಾರಿಜಾಳ ತಲೆಗೆ ಹುಳ ಹೊಕ್ಕಿತು.

ಎಂಬತ್ತೊಂದನೇ ಇಸವಿಯಲ್ಲಿ ಯಾರೋ ರಿಪೇರಿಗೆ ಕೊಟ್ಟು ಮರೆತುಹೋದ ಡಬ್ಬಿ ಕ್ಯಾಮೆರಾ ಅವಳ ಕೈಗೆ ಬಂತು. ಕ್ಯಾಮೆರಾಗಳಲ್ಲಿ ಅದಕ್ಕಿಂತ ಬಡವ ಇನ್ನೊಬ್ಬನಿಲ್ಲ. ಅದರಲ್ಲಿ ಬಿಸಿಲಿನ ಗುರುತು ಒಂದು, ಮೋಡದ ಗುರುತು ಒಂದು, ಇಂಗ್ಲಿಷಿನ ಬಿ ಒಂದು. ಬಿ ಗೆ ತಿರುಗಿಸಿದರೆ ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಕ್ಯಾಮೆರಾದ ಕಣ್ಣು ತೆರೆದೇ ಇರುತ್ತದೆ. ಬೆಳಕು ಕಡಿಮೆ ಇದ್ದ ಕಡೆ ಕಣ್ಣು ಹೆಚ್ಚು ಹೊತ್ತು ತೆರೆದಿರಬೇಕು. ಅಷ್ಟೂ ಹೊತ್ತು ಕ್ಯಾಮೆರಾ ಅಲುಗಬಾರದು, ಕೂತವರೂ ಅಲುಗಬಾರದು. ಸಂಗತಿ ಇಷ್ಟೇ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಹಾಳಾದ ಫೋಟೋಗಳನ್ನು ಸಾಲಾಗಿ ಜೋಡಿಸಿ ನೋಡಿ ನೋಡಿ ಕಂಡುಕೊಂಡಳು.

ಕ್ಯಾಮೆರಾ ಕೂರಿಸಲು ಗಟ್ಟಿ ಪೀಠ ಬೇಕಿತ್ತು. ಕಬ್ಬಿಣದ ಟ್ರಂಕಿನ ಮೇಲೆ ಅಜ್ಜನ ಸೇರನ್ನು ಬೋರಲು ಹಾಕಿದಳು. ಹಲಸಿನ ಮರದ ತೂಕ, ಸಪಾಟು ತಳ. ಕ್ಯಾಮೆರಾ ಅದರ ಮೇಲೆ ಕಲ್ಲು ದೇವರ ಹಾಗೆ ಕೂತಿತು. ಎಷ್ಟು ದೂರ ಇರಬೇಕೆಂದು ದಾರಕ್ಕೆ ಗಂಟು ಹಾಕಿ ಗುರುತಿಟ್ಟಳು, ಆ ಗಂಟಿಗಿಂತ ಹತ್ತಿರ ಬಂದರೆ ಮುಖ ಮಸುಕು. ದಿನವೆಲ್ಲ ಕತ್ತಲು ಕವಿದಿರುವ ಅವರ ಖೋಲಿಗೆ ಬೆಳಗಿನ ಹನ್ನೊಂದಕ್ಕೆ ಎದುರು ಬಿಲ್ಡಿಂಗಿನ ಗೋಡೆಯ ಮೇಲೆ ಬಿದ್ದ ಬಿಸಿಲು ಪುಟಿದು ಅರ್ಧ ಗಂಟೆ ಒಳಗೆ ಬರುತ್ತದೆ ಎಂದು ಕಂಡಳು. ಮುಖದ ನೆರಳಿನ ಮಗ್ಗುಲಿಗೆ ಅಪ್ಪ ಉಡುವ ಬಿಳಿ ಮುಂಡನ್ನು ಹಗ್ಗಕ್ಕೆ ಹರವಿದರೆ ಆ ಮಗ್ಗುಲೂ ತಿಳಿಯಾಗುತ್ತದೆ ಎಂದು ಕಂಡಳು. ಹೊತ್ತನ್ನು ಅಳೆಯಲು ಗಡಿಯಾರ ಬೇಕಾಗಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಎಣಿಕೆ ಇತ್ತಲ್ಲ, ಲಾಭ, ಎರಡು, ಮೂರು. ಅಪ್ಪ ಸೇರು ತುಂಬುವ ನಿಧಾನದಲ್ಲಿ ಬಾಯಿ ಬಿಟ್ಟು ಎಣಿಸುತ್ತಿದ್ದಳು.

ಆ ಎಣಿಕೆಯೇ ಅವಳಿಗೆ ಕೈಕೊಟ್ಟಿತು.

ಎಂಬತ್ತನಾಲ್ಕರಲ್ಲಿ ಕೊರಗ ಎದೆನೋವಿನಿಂದ ಆಸ್ಪತ್ರೆ ಸೇರಿ ಹಿಂದಿರುಗಿದ್ದ. ಒಂದು ಬುಧವಾರ ವಾರಿಜಾ ಅವನನ್ನು ಮಂಚದ ಮೇಲೆ ಗೋಡೆಗೊರಗಿಸಿ ಕೂರಿಸಿದಳು. ರೀಲಿನಲ್ಲಿ ಒಂದೇ ಫೋಟೋ ಉಳಿದಿತ್ತು. "ಅಪ್ಪಾ, ಅಲುಗಬೇಡಿ ಆಯ್ತಾ" ಎಂದು ಹೇಳಿ, ಗುಂಡಿ ಒತ್ತಿ, ತನ್ನ ಬೆರಳಿನ ಮೇಲೆ ಕಣ್ಣಿಟ್ಟು "ಲಾಭ" ಎಂದಳು. ಮೂವತ್ತೆಂಟು ವರ್ಷ ಆ ಮಾತಿಗೆ ಬಾಯಿ ಕೂಡಿಸಿದ ಮನುಷ್ಯ. ಅವನಿಗೆ ತಡೆದುಕೊಳ್ಳಲು ಆಗಲಿಲ್ಲ. ಮಗಳ ಜೊತೆ ಅವನ ತುಟಿಯೂ ಆಡಿತು, ತುಟಿಯ ಜೊತೆ ಗಲ್ಲ, ಗಲ್ಲದ ಜೊತೆ ತಲೆ. ಎರಡು, ಮೂರು, ನಾಲ್ಕು, ಆರರವರೆಗೆ. ದನಿ ಕೇಳಿಸದಷ್ಟು ಸಣ್ಣಗೆ ಎಣಿಸಿದ್ದರಿಂದ ವಾರಿಜಾಳಿಗೆ ಗೊತ್ತೇ ಆಗಲಿಲ್ಲ. ಮಂಚದ ಆಚೆ ಕೂತಿದ್ದ ಸೇವಂತಿ ನೋಡಿದಳು, ಅದರಿಂದ ಏನಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹೊಸ ರೀಲು ಹಾಕಿ ಭಾನುವಾರ ಇನ್ನೆರಡು ತೆಗೆಯುವ ಎಂದುಕೊಂಡಿದ್ದರು. ಶುಕ್ರವಾರ ಕೊರಗ ತೀರಿಕೊಂಡ.

ಫೋಟೋ ತೊಳೆದು ಬಂದಾಗ ವಾರಿಜಾ ಅದನ್ನು ಬೆಳಕಿಗೆ ಹಿಡಿದಳು. ಗೋಡೆಯ ಕ್ಯಾಲೆಂಡರಿನ ತಾರೀಖುಗಳನ್ನು ಓದಬಹುದಿತ್ತು. ಮಂಚದ ಹಗ್ಗದ ಎಳೆ ಎಣಿಸಬಹುದಿತ್ತು. ಮೂಲೆಯ ಮಡಕೆಯ ಮೇಲೆ ಹೊಳಪು ನಿಂತಿತ್ತು. ಅಪ್ಪನ ಎರಡು ಕೈಗಳು ತೊಡೆಯ ಮೇಲೆ ಉಗುರು ಸಮೇತ ಇದ್ದವು. ಕುತ್ತಿಗೆಯ ಮೇಲೆ ಮಾತ್ರ ಒಂದು ಹಿಡಿ ಮಂಜು.

ಮನೆಯಲ್ಲಿ ಬೇರೆ ಫೋಟೋ ಇರಲಿಲ್ಲ. ಹದಿಮೂರನೆಯ ದಿನ ಉತ್ತರಕ್ರಿಯೆಯ ಬೊಜ್ಜಕ್ಕೆ ಅದನ್ನೇ ಇಟ್ಟು ಮಾಲೆ ಹಾಕಿದರು. ಚೆಂಬೂರಿನಿಂದ ಬಂದಿದ್ದ ಒಬ್ಬ ನೆಂಟ ಬಗ್ಗಿ ನೋಡಿ, "ಇದೆಂತ ಮಾರಾಯ್ರೇ, ಮಡಕೆ ಚಂದ ಬಂದುಂಟು, ಕೊರಗಣ್ಣ ಎಲ್ಲಿ?" ಎಂದ. ಊಟದ ಎಲೆಯ ಮುಂದೆ ನಾಲ್ಕು ಜನ ನಕ್ಕರು. ಸೇವಂತಿ ನಗಲಿಲ್ಲ. ಅಂದು ರಾತ್ರಿ ಮಗಳಿಗೆ ಒಂದೇ ಮಾತು ಹೇಳಿದಳು: "ಅವರ ಮುಖ ಒರಸಿ ಹಾಕಿದಿ. ನನ್ನ ಮುಂದೆ ಆ ಡಬ್ಬಿ ತರಬೇಡ."

ಆ ಮಾತು ಏಳು ವರ್ಷ ನಿಂತಿತು.

ವಾರಿಜಾ ಅಂದಿನಿಂದ ಬಾಯಿ ಬಿಟ್ಟು ಎಣಿಸುವುದನ್ನು ನಿಲ್ಲಿಸಿದಳು. ಮನಸ್ಸಿನಲ್ಲೇ ಲಾಭ, ಮನಸ್ಸಿನಲ್ಲೇ ಎರಡು. ಚಾಳಿನಲ್ಲಿ ಯಾರ ಮನೆಯ ಮುದುಕರು ಹಾಸಿಗೆ ಹಿಡಿದರೂ, ಯಾರ ಮನೆಯ ಬಾಣಂತಿಗೆ ಮೂಲೆ ಕೋಣೆಯಿಂದ ಹೊರಬರಲು ಆಗದಿದ್ದರೂ ಅವಳಿಗೆ ಕರೆ ಬರುತ್ತಿತ್ತು. ಒಂದು ಕೈಯಲ್ಲಿ ಸೇರು, ಇನ್ನೊಂದು ಕೈಯಲ್ಲಿ ಡಬ್ಬಿ. ಹೋದವಳು ಮೊದಲು ಕಾಲು ಗಂಟೆ ಸುಮ್ಮನೆ ಕೂತು ಬೆಳಕು ಯಾವ ಕಡೆಯಿಂದ ಬರುತ್ತದೆ ನೋಡುತ್ತಿದ್ದಳು. ಕೂತವರಿಗೆ ನೋಡಲು ಒಂದು ಗುರುತು ಕೊಡುತ್ತಿದ್ದಳು, ದೇವರ ಪಟವೋ, ಗೋಡೆಯ ಮೊಳೆಯೋ. ಉಸಿರು ಎಳೆದು ಕೂತರೆ ಎದೆ ನಡುಗುತ್ತದೆ, ಬಿಟ್ಟು ಕೂರಿ ಎನ್ನುತ್ತಿದ್ದಳು. ಅವಳ ಫೋಟೋಗಳಲ್ಲಿ ಮುದುಕಿಯರ ಮೂಗುಬಟ್ಟಿನ ಕಲ್ಲು ಕೂಡ ಬೇರೆ ಬೇರೆಯಾಗಿ ಕಾಣುತ್ತಿತ್ತು. ಶಿವಪುತ್ರಪ್ಪ ಅವನ್ನು ತೊಳೆದು ತಂದಾಗಲೆಲ್ಲ ಹುಬ್ಬು ಹಾರಿಸುತ್ತಿದ್ದ. "ಏ ವಾರಿಜಾ, ನನ್ನ ಕ್ಯಾಮೆರಾ ಇಷ್ಟ್ ದೊಡ್ಡದೈತಿ, ನಿನ್ನ ಡಬ್ಬಿ ಮುಂದ ಅದರ ಮಾನ ಹೋತಲ್ಲವಾ."

ಊರವರ ಅಮ್ಮಂದಿರೆಲ್ಲ ಅವಳ ಡಬ್ಬಿಯೊಳಗೆ ಬಂದರು. ಸ್ವಂತ ಅಮ್ಮ ಮಾತ್ರ ಬರಲಿಲ್ಲ.

ತೊಂಬತ್ತರ ಮಳೆಗಾಲದಲ್ಲಿ ವಾರಿಜಾಳ ಬಲಗೈ ನಡುಗತೊಡಗಿತು. ಮೊದಲು ಚಹಾದ ಲೋಟದಲ್ಲಿ ಗೊತ್ತಾಯಿತು, ಆಮೇಲೆ ಕತ್ತರಿಯಲ್ಲಿ. ಫೋಟೋದ ಅಂಚು ಓರೆಯಾಗಿ ಕತ್ತರಿಸಿದ್ದನ್ನು ಶಿವಪುತ್ರಪ್ಪ ನೋಡಿಯೂ ನೋಡದ ಹಾಗೆ ಇದ್ದ. ಡಾಕ್ಟರು ಮಾತ್ರೆ ಕೊಟ್ಟರು, ಇದು ಪೂರಾ ಹೋಗುವಂಥದ್ದಲ್ಲ ಎಂದರು. ತುಂಬಿದ ಸೇರಿನ ಮೇಲಿನ ಕಾಳು ಜಾರಿಸದ ದೂಜನ ಮೊಮ್ಮಗಳು ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟು ಓಡಾಡತೊಡಗಿದಳು. ಯಾರಾದರೂ ಫೋಟೋಕ್ಕೆ ಕರೆದರೆ ಇವತ್ತು ಬೆಳಕಿಲ್ಲ ಎನ್ನುತ್ತಿದ್ದಳು.

ಮರುವರ್ಷ ಸೇವಂತಿಯ ಹೊಟ್ಟೆಯೊಳಗೆ ಗಡ್ಡೆ ಕಂಡಿತು. ಇನ್ನು ಮನೆಗೆ ಕರಕೊಂಡು ಹೋಗಿ ಎಂದು ಡಾಕ್ಟರು ಹೇಳಿದ ಮೇಲೆ ಅವಳನ್ನು ಅದೇ ಮಂಚದ ಮೇಲೆ ಮಲಗಿಸಿದರು. ಪವಾಯಿಯಿಂದ ಬಂದ ವಿನೋದಿನಿ ಗಂಡನ ಹೊಸ ಫ್ಲ್ಯಾಶ್ ಕ್ಯಾಮೆರಾದಲ್ಲಿ ಅಮ್ಮನ ಎರಡು ಫೋಟೋ ತೆಗೆದಳು. ಕಣ್ಣಿನ ಪೊರೆ ತೆಗೆಸಿದಂದಿನಿಂದ ಸೇವಂತಿಗೆ ಬೆಳಕು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಎರಡರಲ್ಲೂ ಅವಳ ಕಣ್ಣುಗಳು ಗಟ್ಟಿಯಾಗಿ ಮುಚ್ಚಿದ್ದವು. ಸೇವಂತಿ ಆ ಫೋಟೋಗಳನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು.

"ಇದೆಂತ, ಈಗಲೇ ಸತ್ತವಳ ಹಾಗೆ?" ಎಂದಳು. ಆಮೇಲೆ ಗೋಡೆಯ ಮೇಲಿದ್ದ ಗಂಡನ ಫೋಟೋದ ಕಡೆಗೇ ಮುಖ ಮಾಡಿಕೊಂಡು, "ವಾರಿಜಾ, ನೀನೇ ತೆಗಿ. ಒಂದೇ ಸಲ ಕೂತುಕೊಳ್ತೇನೆ. ಎರಡನೇ ಸಲ ಕೂರ್ಲಿಕ್ಕೆ ನನ್ನ ಹತ್ರ ಆಗುದಿಲ್ಲ" ಎಂದಳು.

ಏಳು ವರ್ಷ ಕಾದ ಮಾತು ಬಂದಾಗ ಕೈ ಇರಲಿಲ್ಲ. ವಾರಿಜಾ ಒಲೆಯ ಮುಂದೆ ಕೂತು, ಗಂಜಿ ಉಕ್ಕಿ ಒಲೆ ನಂದಿದರೂ ಏಳಲಿಲ್ಲ.

ಶಿವಪುತ್ರಪ್ಪನಿಗೆ ವಿಷಯ ತಿಳಿಯಿತು. "ನನ್ನ ಸ್ಟ್ಯಾಂಡ್ ಒಯ್ಯಿ, ನನ್ನ ಕ್ಯಾಮೆರಾನೂ ಒಯ್ಯಿ. ಬೇಕಾದ್ರ ನಾನ ಬಂದ ಒತ್ತತೀನಿ. ಅದರಾಗೇನ ನಾಚಿಕಿ?" ಎಂದ.

"ಸ್ಟ್ಯಾಂಡ್ ಎಂತಕ್ಕೆ ಶಿವಪುತ್ರಣ್ಣ? ಸೇರು ಅಲುಗುದಿಲ್ಲ, ಡಬ್ಬಿ ಅಲುಗುದಿಲ್ಲ. ಅಲುಗುದು ನಾನು. ಸ್ವಲ್ಪ ನೋಡ್ತೇನೆ" ಎಂದಳು.

ಮನೆಗೆ ಬಂದು ಮಡಕೆಯನ್ನು ಎದುರಿಗಿಟ್ಟುಕೊಂಡಳು. ಮಡಕೆಗೆ ಒಂದು ರೀಲು ಹಾಳುಮಾಡಿದಳು. ಬೆರಳು ಗುಂಡಿಯ ಮೇಲಿದ್ದಷ್ಟು ಹೊತ್ತು ನಡುಕ ಡಬ್ಬಿಗೆ ಇಳಿಯುತ್ತಿತ್ತು; ತೊಳೆದು ನೋಡಿದರೆ ಒಂದೊಂದು ಮಡಕೆಗೂ ಮೂರು ಮೂರು ಅಂಚು. ಗುಂಡಿಯನ್ನು ಒತ್ತಿ ರಬ್ಬರ್ ಬ್ಯಾಂಡು ಬಿಗಿದು ಬಿಟ್ಟಳು. ಆಗ ಕ್ಯಾಮೆರಾದ ಕಣ್ಣು ತೆರೆದೇ ಉಳಿಯುತ್ತದೆ, ಕೈಯ ಹಂಗಿಲ್ಲ. ಆದರೆ ಬ್ಯಾಂಡು ಬಿಗಿಯುವಾಗಿನ ನಡುಕ, ಬಿಚ್ಚುವಾಗಿನ ನಡುಕ ಎರಡೂ ಫಿಲ್ಮಿನೊಳಗೆ ಹೋಗಿಬಿಡುತ್ತವಲ್ಲ. ಹಾಗೆ ಯೋಚಿಸುತ್ತ ತೆಂಗಿನಕಾಯಿ ತುರಿಯುತ್ತಿದ್ದವಳು ಕೈಯಲ್ಲಿದ್ದ ಗೆರಟೆಯನ್ನು ನೋಡಿದಳು. ಕಣ್ಣಿಗೆ ಮುಚ್ಚಳ! ಗೆರಟೆಯ ಒಳಮೈಯನ್ನು ಕೆರೆದು ದೀಪದ ಮಸಿ ಬಳಿದಳು. ಮೊದಲು ಗೆರಟೆಯನ್ನು ಕ್ಯಾಮೆರಾದ ಕಣ್ಣಿಗೆ ತಾಗದ ಹಾಗೆ ಅಡ್ಡ ಹಿಡಿಯುವುದು. ಆಮೇಲೆ ಬ್ಯಾಂಡು ಬಿಗಿಯುವುದು. ಡಬ್ಬಿಯ ನಡುಕ ಆರುವ ತನಕ ಕಾಯುವುದು. ಗೆರಟೆ ತೆಗೆಯುವುದು, ಎಣಿಸುವುದು, ಮತ್ತೆ ಗೆರಟೆ ಅಡ್ಡ ಹಿಡಿದು ಬ್ಯಾಂಡು ಬಿಚ್ಚುವುದು. ಕೈ ಎಷ್ಟು ಬೇಕಾದರೂ ಕುಣಿಯಲಿ, ಅದು ಕುಣಿಯುವುದು ಗಾಳಿಯಲ್ಲಿ. ಎರಡನೆಯ ರೀಲಿನಲ್ಲಿ ಮಡಕೆಗೆ ಒಂದೇ ಅಂಚು ಬಂತು.

ಆ ಗುರುವಾರ ಹತ್ತೂವರೆಗೆ ವಿನೋದಿನಿ ಅಮ್ಮನ ತಲೆ ಬಾಚಿದಳು. ಸೇವಂತಿ ನೀಲಿ ಅಂಚಿನ ಸೀರೆಯೇ ಬೇಕೆಂದು ಹಟ ಹಿಡಿದಳು. ಬೆನ್ನಿಗೆ ದಿಂಬು, ತಲೆ ಗೋಡೆಗೆ. ವಾರಿಜಾ ಮುಂಡನ್ನು ಹಗ್ಗಕ್ಕೆ ಹರವಿದಳು, ದಾರ ಹಿಡಿದು ದೂರ ಅಳೆದಳು, ಟ್ರಂಕಿನ ಮೇಲೆ ಸೇರು ಬೋರಲು ಹಾಕಿ ಡಬ್ಬಿ ಕೂರಿಸಿದಳು. ಅವಳ ಕೈಯಲ್ಲಿ ಗೆರಟೆ ಗಡಗಡ ಅಲುಗುವುದನ್ನು ನೋಡಿ ವಿನೋದಿನಿಗೆ ತಡೆಯಲಿಲ್ಲ.

"ಛೋಡ್ ನಾ ಅಕ್ಕ, ಕೊಡು ಇಲ್ಲಿ, ನಾನು ಹಿಡಿತೇನೆ."

"ನೀನು ಬಾಗಿಲಿಗೆ ಅಡ್ಡ ನಿಂತಿದ್ದಿ. ಬೆಳಕು ಬಿಡು."

"ಗೆರಟೆ ಎಂತಕ್ಕೆ? ನನ್ನ ಮುಖಕ್ಕೆ ಸಾರು ಬಡಿಸ್ತೀಯಾ?" ಎಂದು ಸೇವಂತಿ ಕೇಳಿದಳು.

"ಮಾತಾಡಬೇಡಿ ಅಮ್ಮ. ಅಪ್ಪನ ಫೋಟೋ ನೋಡ್ತಾ ಕೂರಿ. ಉಸಿರು ಬಿಟ್ಟು, ನಾನು ಸಾಕು ಹೇಳುವವರೆಗೆ."

ಹನ್ನೊಂದಾಯಿತು. ಎದುರು ಗೋಡೆಯ ಬಿಸಿಲು ಪುಟಿದು ಖೋಲಿಯೊಳಗೆ ಬಂತು. ಸೇವಂತಿಯ ಎಡಗೆನ್ನೆ ಹೊಳೆಯಿತು, ಬಲಗೆನ್ನೆಯ ಮೇಲೆ ಮುಂಡಿನ ಬಿಳುಪು ತೆಳ್ಳಗೆ ಕೂತಿತು. ವಾರಿಜಾ ಗೆರಟೆ ಅಡ್ಡ ಹಿಡಿದು ಬ್ಯಾಂಡು ಬಿಗಿದಳು. ಡಬ್ಬಿ ಸಣ್ಣಗೆ ನಡುಗಿ, ಆರಿ, ಕಲ್ಲಾಯಿತು. ಗೆರಟೆ ಸರಿಸಿದಳು. ಈ ಸಲ ಅವಳು ತನ್ನ ಬೆರಳನ್ನು ನೋಡಲಿಲ್ಲ, ಅಮ್ಮನ ತುಟಿಗಳನ್ನೇ ನೋಡಿದಳು. ಲಾಭ. ಎರಡು. ಹೊರಗೆ ಲೋಕಲ್ ರೈಲು ಹಾದು ಹೋಗುವ ಸದ್ದು. ಟ್ರಂಕು ಅದುರಿತೋ? ಮೂರು. ನಾಲ್ಕು. ಐದು. ಸೇವಂತಿ ರೆಪ್ಪೆ ಹೊಡೆಯಲಿಲ್ಲ. ಮಂಜು ಕವಿದ ಆ ಮುಖವನ್ನು ಏಳು ವರ್ಷ ನೋಡಿ ಅಭ್ಯಾಸವಾದ ಕಣ್ಣು, ಅದರಲ್ಲೇ ನೆಟ್ಟು ನಿಂತಿತ್ತು. ಆರು. ಏಳು. ಎಂಟು. ಗೆರಟೆ ಅಡ್ಡ ಬಂತು.

"ಸಾಕು ಅಮ್ಮ."

ಸೇವಂತಿ ಉಸಿರು ಎಳೆದುಕೊಂಡು ದಿಂಬಿಗೆ ಜಾರಿದಳು. "ಎಷ್ಟು ಎಣಿಸಿದಿ?"

"ಎಂಟು."

"ನಾನೂ ಎಂಟೇ." ಆಮೇಲೆ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ನಿನ್ನ ಅಪ್ಪನಿಗೆ ಬಾಯಿ ಮುಚ್ಚಿ ಎಣಿಸ್ಲಿಕ್ಕೆ ಬರ್ತಿರಲಿಲ್ಲ ಮಗಾ. ಅವತ್ತು ನಾನು ನೋಡಿದ್ದೆ. ಬಾಯಿ ಆಡ್ತಾ ಉಂಟು ಅಂತ ನಾನಾದ್ರೂ ಹೇಳ್ಬಹುದಿತ್ತು. ಹೇಳಲಿಲ್ಲ."

ವಾರಿಜಾ ಮುಂಡನ್ನು ಹಗ್ಗದಿಂದ ಇಳಿಸಿ, ಅಂಚಿಗೆ ಅಂಚು ಕೂಡಿಸಿ ಮಡಿಸಿದಳು. ಮಡಿಸಲು ಬಹಳ ಹೊತ್ತು ಹಿಡಿಯಿತು.

ಫೋಟೋವನ್ನು ಸೇವಂತಿ ನೋಡಿದಳು. ಹಣೆಯ ಗೆರೆ, ಕಿವಿಯ ಹಿಗ್ಗಿದ ತೂತು, ನೀಲಿ ಅಂಚಿನ ನೆಯ್ಗೆ, ತೆರೆದ ಎರಡು ಕಣ್ಣು. "ಮುದುಕಿ ಆಗಿದ್ದೇನೆ" ಎಂದಷ್ಟೇ ಹೇಳಿ ದಿಂಬಿನ ಕೆಳಗೆ ಇಟ್ಟುಕೊಂಡಳು. ದಸರಾಕ್ಕೆ ಮೊದಲು ಹೋಗಿಬಿಟ್ಟಳು.

ಬೊಜ್ಜದ ಹಿಂದಿನ ದಿನ ಶಿವಪುತ್ರಪ್ಪ ಆ ಫೋಟೋವನ್ನು ದೊಡ್ಡದು ಮಾಡಿ, ಚೌಕಟ್ಟು ಹಾಕಿಸಿ ತಾನೇ ಹೊತ್ತು ತಂದ. ಜೊತೆಗೆ ಒಂದು ಮೊಳೆ, ಒಂದು ಸುತ್ತಿಗೆ. ಕೊರಗನ ಫೋಟೋದ ಪಕ್ಕದಲ್ಲಿ ಹಿಡಿದು ನೋಡಿದ. ಒಂದು ಕಡೆ ಎಳೆ ಎಳೆಯಾಗಿ ಮುಖ, ಇನ್ನೊಂದು ಕಡೆ ಮಂಜು. ಅವನಿಗೆ ಸಂಕಟವಾಯಿತು.

"ವಾರಿಜವ್ವಾ, ದಾದರಿನ್ಯಾಗ ನನಗ ಗುರ್ತಿನ ಪೇಂಟರ್ ಒಬ್ಬ ಅದಾನ. ಅಪ್ಪಗ ಮಾರಿ ಬರದು ಕೊಡ್ತಾನ, ಹೇಳಿದ್ರೂ ಗೊತ್ತಾಗೂದಿಲ್ಲ. ವಿನೋದಿನಿ ಮಾರಿ ಅಪ್ಪನಂಗ ಐತೆಲ್ಲ, ಅದನ್ನ ನೋಡಿ ಬರೀತಾನ. ನಾ ಮಾಡಸ್ತೀನಿ, ನೀ ಸುಮ್ನ ಹೂಂ ಅನ್ನು."

"ಹೌದಕ್ಕ, ಮಾಡಿಸುವ. ನಾಳೆ ಜನ ಬರ್ತಾರೆ, ಮತ್ತೆ ಅದೇ ಮಾತಾಗ್ತದೆ" ಎಂದಳು ವಿನೋದಿನಿ. ಶಿವಪುತ್ರಪ್ಪ ಮೊಳೆಯನ್ನು ಗೋಡೆಗೆ ಊರಿ ಸುತ್ತಿಗೆ ಎತ್ತಿದ್ದ.

ವಾರಿಜಾ ಎದ್ದು ಬಂದು ನಡುಗುವ ಕೈಯನ್ನು ಮುಂದಕ್ಕೆ ಚಾಚಿದಳು.

"ಬೇಡ ಶಿವಪುತ್ರಣ್ಣ. ನಿಮ್ಮ ಪೇಂಟರ್ ಬಾಯಿ ಮುಚ್ಚಿಸಿ ಬರೀತಾನೆ. ನನ್ನ ಅಪ್ಪ ಬಾಯಿ ಮುಚ್ಚಿ ಅಳೆದವರಲ್ಲ. ಎಣಿಸ್ತಾ ಇದ್ದಾರೆ, ಎಣಿಸಲಿ. ಕೇಳಿದವರಿಗೆ ನಾನು ಹೇಳ್ತೇನೆ. ಆ ಸುತ್ತಿಗೆ ಇತ್ತ ಕೊಡಿ. ಮೊಳೆಯೂ ನಾನೇ ಹೊಡೀತೇನೆ. ತಪ್ಪಿದರೆ ನನ್ನ ಹೆಬ್ಬೆರಳಿಗೆ ತಾನೇ ಬೀಳುದು."